ಸವೆದ ವೈಪರು, ಗೊತ್ತಿದ್ದ ತಪ್ಪು

ಕಳೆದ ಮುಂಗಾರಿನ ಒಂದು ಸಂಜೆ. ಹಾಸನದಲ್ಲಿ ಓದುತ್ತಿರುವ ಮಗಳನ್ನು ಕರೆದುಕೊಂಡು ಹೊಳೆನರಸೀಪುರಕ್ಕೆ ಹೊರಟಿದ್ದೆ. ಕಾರು ಹಳೆಯದು. ಆದರೆ ಇಂಜಿನ್ನು ಗಟ್ಟಿ, ಬ್ರೇಕು ಸರಿ, ಟೈರು ಹೊಸದು. ಮೊಸಳೆಹೊಸಹಳ್ಳಿ ದಾಟುವ ಹೊತ್ತಿಗೆ ಕತ್ತಲೆ ಕವಿದು ಮಳೆ ಜೋರಾಯಿತು. ವೈಪರು ಹಾಕಿದೆ. ಅದು ‘ಕಿರ್ರ್’ ಎಂದು ಹಲ್ಲು ಕಡಿದಂತೆ ಸದ್ದು ಮಾಡುತ್ತಾ ಗಾಜಿನ ಮೇಲೆ ಮೂರು ನಾಲ್ಕು ಬಿಳಿ ಗೆರೆ ಎಳೆಯಿತು. ನೀರು ಹೋಗಲಿಲ್ಲ, ಹರಡಿತು.

ಎದುರಿನಿಂದ ಒಂದು ಲಾರಿ ಬಂತು. ಅದರ ದೀಪದ ಬೆಳಕು ಆ ಗೆರೆಗಳ ಮೇಲೆ ಬಿದ್ದು ಗಾಜಿನ ತುಂಬ ಹಾಲು ಚೆಲ್ಲಿದಂತಾಯಿತು. ಲಾರಿ ದಾಟಿದ ಮೇಲೆ ಮೊದಲು ಕಂಡದ್ದು ಒಂದು ಗೋಣಿಚೀಲದ ಕೊಪ್ಪೆ. ಅದರ ಕೆಳಗೆ ಒಂದು ಸೈಕಲ್ಲು, ಸೈಕಲ್ಲಿನ ಮೇಲೆ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡ ಒಬ್ಬ ಹುಡುಗ. ಬ್ರೇಕು ಒತ್ತಿದೆ. ಕಾರು ಕೊಂಚ ಜಾರಿ ನಿಂತಿತು. ಸೈಕಲ್ಲಿಗೂ ಕಾರಿಗೂ ಒಂದು ಮಾರು ಅಂತರ ಉಳಿದಿತ್ತು. ಹುಡುಗ ಒಮ್ಮೆ ಹಿಂತಿರುಗಿ ನೋಡಿ, ಕೊಪ್ಪೆ ಸರಿಮಾಡಿಕೊಂಡು, ಪೆಡಲು ತುಳಿಯುತ್ತಾ ಹೋದ. ನನ್ನ ಕೈಕಾಲಿನ ನಡುಕ ನಿಲ್ಲಲು ಹತ್ತು ನಿಮಿಷ ಬೇಕಾಯಿತು.

ರಸ್ತೆ ಬದಿಗೆ ಕಾರು ನಿಲ್ಲಿಸಿ ಕುಳಿತಾಗ ಮಗಳು ಮೆಲ್ಲಗೆ ಹೇಳಿದಳು: “ಅಪ್ಪಾ, ವೈಪರು ಹಾಳಾಗಿದೆ, ಬದಲಾಯಿಸಬೇಕು ಅಂತ ಯುಗಾದಿಗೆ ಮುಂಚೆ ನೀವೇ ಹೇಳಿದ್ದಿರಲ್ಲ.”

ಹೇಳಿದ್ದೆ, ನಿಜ. ಯುಗಾದಿ ಕಳೆದು ಮುಂಗಾರು ಬಂದಿತ್ತು. ಮರುದಿನ ಬೆಳಿಗ್ಗೆ ಹೊಸ ವೈಪರು ಹಾಕಿಸಿದೆ. ಖರ್ಚಾದದ್ದು ಕೆಲವು ನೂರು ರೂಪಾಯಿ, ಹಿಡಿದದ್ದು ಐದು ನಿಮಿಷ. ಆದರೆ ಮಗಳ ಮಾತು ಮನಸ್ಸಿನಿಂದ ಹೋಗಲಿಲ್ಲ. ಆ ಒಂದು ಮಾರು ಅಂತರ ಉಳಿಯದೇ ಹೋಗಿದ್ದರೆ, ನ್ಯಾಯಾಲಯದಲ್ಲಿ ನಿಂತು ‘ವೈಪರು ಕೆಟ್ಟಿರುವುದು ನನಗೆ ಗೊತ್ತಿರಲಿಲ್ಲ’ ಎಂದು ಹೇಳಲು ನನಗೆ ಸಾಧ್ಯವಿತ್ತೆ? ಪಕ್ಕದಲ್ಲಿ ಕುಳಿತಿದ್ದ ನನ್ನ ಮಗಳೇ ಅದಕ್ಕೆ ಸಾಕ್ಷಿ.

ಕಾಣುವ ದೂರ, ನಿಲ್ಲುವ ದೂರ

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಎದುರಿಗೆ ಏನೋ ಕಂಡಿತು, ಅದು ಹುಡುಗ ಎಂದು ತಿಳಿಯಿತು, ಕಾಲು ಬ್ರೇಕಿನ ಮೇಲೆ ಹೋಯಿತು. ಇಷ್ಟಕ್ಕೆ ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ಕಾರು 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ ಓಡುವ ದೂರ ಬೇರೆ. ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಎಂದುಕೊಂಡರೆ ಅದು ಸುಮಾರು 20 ಮೀಟರ್. ಒದ್ದೆ ರಸ್ತೆಯಲ್ಲಿ 0.4 ಎಂದುಕೊಂಡರೆ ಸುಮಾರು 35 ಮೀಟರ್. ಅಂದರೆ ಮಳೆಯಲ್ಲಿ ಕಾರು ನಿಲ್ಲಲು ಒಟ್ಟು 60 ಮೀಟರ್ ಬೇಕು. ಅದೇ ಕಾರು 40 ಕಿ.ಮೀ. ವೇಗದಲ್ಲಿದ್ದರೆ ಸುಮಾರು 32 ಮೀಟರ್ ಸಾಕು.

ಈಗ ವೈಪರಿನ ವಿಷಯಕ್ಕೆ ಬರೋಣ. ಗಾಜು ಸ್ವಚ್ಛವಾಗಿದ್ದರೆ ಮಬ್ಬಿನಲ್ಲೂ 60 ಮೀಟರ್ ದೂರದಲ್ಲಿ ಕಾಣುವ ಹುಡುಗ, ಗೆರೆ ಬಿದ್ದ ಗಾಜಿನಿಂದಾಗಿ 35 ಮೀಟರ್ ದೂರಕ್ಕೆ ಬಂದ ಮೇಲೆ ಕಾಣುತ್ತಾನೆ ಎಂದುಕೊಳ್ಳಿ. 60ರ ವೇಗದಲ್ಲಿದ್ದವನಿಗೆ ಬ್ರೇಕು ಹಿಡಿಯಲು ಸಿಗುವುದು ಹತ್ತೇ ಮೀಟರ್. ಕಾರು ಹುಡುಗನನ್ನು ಮುಟ್ಟುವಾಗಲೂ ಅದರ ವೇಗ 50 ಕಿ.ಮೀ.ಗೆ ಇಳಿದಿರುತ್ತದೆ, ಅಷ್ಟೆ. ಅಂದು ನಾನು ಸುಮಾರು 40ರಲ್ಲಿದ್ದೆ. ಉಳಿಸಿದ್ದು ನನ್ನ ಚಾಲನೆಯ ಜಾಣ್ಮೆಯಲ್ಲ, ಈ ಲೆಕ್ಕ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ರಸ್ತೆಗಳು ಬರೀ ವಾಹನಗಳಿಗಲ್ಲ. ಶಾಲೆ ಬಿಟ್ಟ ಮಕ್ಕಳು, ಡೇರಿಗೆ ಹಾಲು ಹೊತ್ತವರು, ದನ ಹೊಡೆದುಕೊಂಡು ಬರುವವರು, ಜಾತ್ರೆ ಮೆರವಣಿಗೆಯವರು ಎಲ್ಲರೂ ಅದೇ ಡಾಂಬರಿನ ಮೇಲೆಯೇ ನಡೆಯುವವರು. 2025ರ ಸೆಪ್ಟೆಂಬರ್ 12ರ ರಾತ್ರಿ ಇದೇ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿ, ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡದ್ದನ್ನು ಹಾಸನ ಮರೆತಿಲ್ಲ. ಆ ದುರಂತಕ್ಕೂ ವೈಪರಿಗೂ ಸಂಬಂಧವಿಲ್ಲ. ಆದರೆ ನಮ್ಮ ರಸ್ತೆಯಲ್ಲಿ ಗಾಜಿನ ಆಚೆ ಯಾವಾಗಲೂ ಯಾರೋ ಇರುತ್ತಾರೆ ಎಂಬುದನ್ನು ಸ್ಟೇರಿಂಗ್ ಹಿಡಿದವರು ಮರೆಯಬಾರದು.

ರಬ್ಬರು ಕೆಡುವುದು ಬೇಸಿಗೆಯಲ್ಲಿ

ವೈಪರಿನ ಕೆಲಸವೆಲ್ಲ ಅದರ ರಬ್ಬರಿನ ತೆಳ್ಳನೆಯ ಅಂಚಿನದು. ಕಡ್ಡಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿದಾಗಲೆಲ್ಲ ಆ ಅಂಚು ಮಗುಚಿಕೊಂಡು ನೀರನ್ನು ತಳ್ಳಬೇಕು. ರಬ್ಬರು ಮೆತ್ತಗಿದ್ದರೆ ಮಾತ್ರ ಮಗುಚುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಕಾದ ಗಾಜು ಎರಡೂ ಸೇರಿ ಅದನ್ನು ಗಡುಸು ಮಾಡುತ್ತವೆ, ಬಿರುಕು ಬಿಡಿಸುತ್ತವೆ. ಗಡುಸಾದ ರಬ್ಬರು ಮಗುಚದೆ ಎಗರುತ್ತದೆ. ನಾವು ಕೇಳುವ ‘ಕಿರ್ರ್’ ಸದ್ದು ಅದೇ. ಅಂಚು ಹರಿದ ಕಡೆ ನೀರು ಉಳಿದು ಗೆರೆ ಬೀಳುತ್ತದೆ. ಹಗಲಿನಲ್ಲಿ ಆ ಗೆರೆ ಬರೀ ಕಿರಿಕಿರಿ. ರಾತ್ರಿ ಎದುರು ದೀಪದ ಬೆಳಕು ಅದರಲ್ಲಿ ಚದುರಿ ಕುರುಡಾಗಿಸುತ್ತದೆ.

ಹೀಗಾಗಿ ಮಳೆ ಕಡಿಮೆ ಇರುವ ಊರಿನವರು ‘ನಮಗೇಕೆ ಇದರ ಚಿಂತೆ’ ಎನ್ನುವಂತಿಲ್ಲ. ಚನ್ನರಾಯಪಟ್ಟಣದ ಕಡೆ ವೈಪರಿಗೆ ತಿಂಗಳುಗಟ್ಟಲೆ ಕೆಲಸವಿಲ್ಲ. ಅದು ಬಿಸಿಲಲ್ಲಿ ಒಣಗುತ್ತಾ ಮಲಗಿರುತ್ತದೆ. ಅದೇ ಕಾರು ಬೆಂಗಳೂರು–ಮಂಗಳೂರು ಹೆದ್ದಾರಿ ಹಿಡಿದು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದಾಗ, ಒಣಗಿದ ರಬ್ಬರಿನ ಮೇಲೆ ಮಲೆನಾಡಿನ ಮಳೆ ಬೀಳುತ್ತದೆ. ಮಳೆ ಹೆಚ್ಚಿರುವ ಕಡೆ ರಬ್ಬರು ಉಜ್ಜಿ ಸವೆಯುತ್ತದೆ, ಕಡಿಮೆ ಇರುವ ಕಡೆ ಒಣಗಿ ಸಾಯುತ್ತದೆ. ಎರಡೂ ಕಡೆ ಅದರ ಆಯಸ್ಸು ಆರು ತಿಂಗಳಿಂದ ಒಂದು ವರ್ಷ.

ವೈಪರು ಕೆಟ್ಟಾಗ ಗಾಜಿಗೆ ಹೊಗೆಸೊಪ್ಪು ಉಜ್ಜುವುದು, ಹೆಚ್ಚಿದ ಆಲೂಗೆಡ್ಡೆ ಉಜ್ಜುವುದು ನಮ್ಮ ಹಳೆಯ ಚಾಲಕರ ಉಪಾಯ. ಅರಕಲಗೂಡು ಹೊಗೆಸೊಪ್ಪು ಬೆಳೆಯುವ ತಾಲ್ಲೂಕು, ಹಾಸನ ಆಲೂಗೆಡ್ಡೆಗೆ ಹೆಸರಾದ ಜಿಲ್ಲೆ. ಆದ್ದರಿಂದ ಎರಡಕ್ಕೂ ಇಲ್ಲಿ ಬರವಿಲ್ಲ! ಹೇಗೋ ಹತ್ತಿರದ ಊರು ಸೇರಲು ಆ ಉಪಾಯ ಸಾಲಬಹುದು. ಅದನ್ನೇ ನಂಬಿ ಮಳೆಗಾಲ ಕಳೆಯುತ್ತೇನೆ ಎನ್ನುವುದು ಸಲ್ಲದು.

ಅಷ್ಟಕ್ಕೂ ಈ ಸಾಧನ ಹುಟ್ಟಿದ್ದೇ ಒಬ್ಬರ ಗಮನದಿಂದ. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆಂಡರ್ಸನ್ ಎಂಬಾಕೆ ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಹೋಗುವಾಗ, ಹಿಮಮಳೆಯಲ್ಲಿ ದಾರಿ ಕಾಣದೆ ಚಾಲಕ ಪರದಾಡುತ್ತಿದ್ದುದನ್ನು ಕಂಡರು. ಒಳಗೆ ಕುಳಿತೇ ಹಿಡಿಕೆ ಎಳೆದು ಗಾಜು ಒರೆಸುವ ರಬ್ಬರಿನ ಕಡ್ಡಿಯೊಂದನ್ನು ಯೋಚಿಸಿ, 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕೆನಡಾದ ಕಂಪನಿಯೊಂದು ‘ಇದಕ್ಕೆ ವ್ಯಾಪಾರದ ಬೆಲೆ ಇಲ್ಲ’ ಎಂದಿತು. ಆಕೆಗೆ ಅದರಿಂದ ಹಣ ಬರಲಿಲ್ಲ. ಬೆಲೆ ಇಲ್ಲ ಎಂದು ಅಂದು ತಳ್ಳಿಹಾಕಿದ ವಸ್ತು ಇಂದು ಪ್ರತಿ ಕಾರಿನಲ್ಲೂ ಇದೆ. ನಾವು ಈಗಲೂ ಅದಕ್ಕೆ ಬೆಲೆ ಕೊಡುತ್ತಿಲ್ಲ, ಅಷ್ಟೆ.

ಕಾನೂನು ಕೇಳುವ ಒಂದು ಪ್ರಶ್ನೆ

ವೈಪರು ಇರಲೇಬೇಕು, ಅದು ಕೆಲಸ ಮಾಡಲೇಬೇಕು ಎಂಬುದು ಬರೀ ಬುದ್ಧಿಮಾತಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 101ನೇ ನಿಯಮ ಗಾಜಿರುವ ವಾಹನಕ್ಕೆ ಸಮರ್ಥವಾಗಿ ಕೆಲಸ ಮಾಡುವ, ಯಂತ್ರಚಾಲಿತ ವೈಪರು ಬೇಕೆಂದು ಹೇಳುತ್ತದೆ. ‘ಸಮರ್ಥ’ ಎಂಬ ಮಾತನ್ನು ಗಮನಿಸಿ. ಕಡ್ಡಿ ಅತ್ತಿತ್ತ ಆಡಿದರೆ ಸಾಲದು.

ಇನ್ನೂ ಮುಖ್ಯವಾದದ್ದು ಮೋಟಾರು ವಾಹನ ಕಾಯ್ದೆ, 1988ರ 190ನೇ ಕಲಂ. ಅಪಾಯ ತರುವಂಥ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು, ಇಲ್ಲವೇ ಓಡಿಸಲು ಬಿಡುವುದು ಅಪರಾಧ. ಯಾವ ದೋಷ? ಆ ವ್ಯಕ್ತಿಗೆ ಗೊತ್ತಿದ್ದ ದೋಷ, ಅಥವಾ ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಇದಕ್ಕೆ ದಂಡ 1,500 ರೂಪಾಯಿ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿಗೆ ಹಾನಿಯಾದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡೂ.

ಇಲ್ಲಿ ‘ಗೊತ್ತಿರಲಿಲ್ಲ’ ಎಂಬ ನೆಪಕ್ಕೆ ಕಾನೂನು ಎರಡೂ ಬಾಗಿಲು ಮುಚ್ಚಿದೆ. ಗೊತ್ತಿದ್ದರೆ ತಪ್ಪು. ಗೊತ್ತು ಮಾಡಿಕೊಳ್ಳಬಹುದಾಗಿತ್ತು, ಮಾಡಿಕೊಳ್ಳಲಿಲ್ಲ ಎಂದರೂ ತಪ್ಪು. ಬ್ರೇಕಿನ ಕೊಳವೆಯೊಳಗಿನ ತುಕ್ಕು ಕಣ್ಣಿಗೆ ಕಾಣುವುದಿಲ್ಲ ಎಂದು ವಾದಿಸಬಹುದೇನೋ. ಅದನ್ನೂ ನ್ಯಾಯಾಲಯಗಳು ಸುಲಭವಾಗಿ ಒಪ್ಪಿಲ್ಲ. ಇಂಗ್ಲೆಂಡಿನ ಹೆಂಡರ್ಸನ್ ಪ್ರಕರಣದಲ್ಲಿ ಲಾರಿಯೊಂದರ ಬ್ರೇಕ್ ಕೊಳವೆ ಮರೆಯಲ್ಲಿ ತುಕ್ಕು ಹಿಡಿದು ಒಡೆದು ಒಬ್ಬರು ಸತ್ತಿದ್ದರು. ತಾವು ತಕ್ಕ ಎಚ್ಚರಿಕೆ ವಹಿಸಿದ್ದೆವು ಎಂದು ಮಾಲೀಕರು ತೋರಿಸಲಿಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ಅವರನ್ನೇ ಹೊಣೆ ಮಾಡಿತು. ನಮ್ಮ ಸುಪ್ರೀಂ ಕೋರ್ಟು 1977ರಲ್ಲಿ ಮಿನು ಬಿ. ಮೆಹ್ತಾ ಪ್ರಕರಣದಲ್ಲಿ ಇದೇ ತತ್ತ್ವ ಹೇಳಿದೆ: ಯಂತ್ರದೋಷದಿಂದ ಅಪಘಾತವಾಯಿತು ಎನ್ನುವ ಮಾಲೀಕ, ಆ ದೋಷ ಅಡಗಿದ್ದಂಥದು, ಸಾಕಷ್ಟು ಎಚ್ಚರಿಕೆ ವಹಿಸಿದರೂ ಪತ್ತೆಯಾಗದಂಥದು ಎಂದು ತೋರಿಸಬೇಕು. ವೈಪರು ಎಲ್ಲಿ ಅಡಗೀತು? ಅದು ಚಾಲಕನ ಮೂಗಿನ ಮುಂದೆಯೇ ಕಿರುಚುತ್ತಿರುತ್ತದೆ.

ಅಪಘಾತವಾದ ಮೇಲೆ ಮೋಟಾರು ವಾಹನ ನಿರೀಕ್ಷಕರು ವಾಹನವನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಅಪಘಾತಕ್ಕೆ ಯಂತ್ರದೋಷ ಕಾರಣವೇ ಎಂಬುದು ಅದರಲ್ಲಿ ಬರುತ್ತದೆ. ಸಾವು ಸಂಭವಿಸಿದರೆ ವಿಷಯ 190ನೇ ಕಲಮಿಗೆ ನಿಲ್ಲುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದವರಿಗೆ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷದವರೆಗೆ ಇತ್ತು. ಕಾಣದ ಗಾಜಿನ ಹಿಂದೆ ಕುಳಿತು ವೇಗವಾಗಿ ಹೋಗುವುದು ನಿರ್ಲಕ್ಷ್ಯವಲ್ಲ ಎಂದು ಯಾರು ತಾನೆ ವಾದಿಸಿಯಾರು?

ಹಣ ಕೊಡುವವರು ಯಾರು?

‘ವಿಮೆ ಇದೆಯಲ್ಲ’ ಎಂಬುದು ನಾವು ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ. ಅರ್ಧ ನಿಜ. ಗಾಯಗೊಂಡ ಮೂರನೆಯ ವ್ಯಕ್ತಿಗೆ ಪರಿಹಾರ ಕೊಡಬೇಕಾದ ವಿಮಾ ಕಂಪನಿ, ವೈಪರು ಸವೆದಿತ್ತು ಎಂಬ ಕಾರಣಕ್ಕೆ ನುಣುಚಿಕೊಳ್ಳಲು ಬರುವುದಿಲ್ಲ. ನುಣುಚಿಕೊಳ್ಳಲು ಕಾಯ್ದೆ ಒಪ್ಪುವ ಕೆಲವೇ ಕಾರಣಗಳಲ್ಲಿ ಅದಿಲ್ಲ. ಆದರೆ ನಮ್ಮದೇ ಕಾರಿನ ನಷ್ಟ ಕೇಳಲು ಹೋದಾಗ ಮಾತು ಬೇರೆ. ವಾಹನವನ್ನು ಸುಸ್ಥಿತಿಯಲ್ಲಿಡಲು ತಕ್ಕ ಕ್ರಮ ಕೈಗೊಳ್ಳಬೇಕು ಎಂಬ ಷರತ್ತು ವಿಮೆಯ ಪತ್ರದಲ್ಲೇ ಇರುತ್ತದೆ. ಸಣ್ಣ ಅಕ್ಷರದಲ್ಲಿ ಇರುವುದರಿಂದ ನಾವು ಓದಿರುವುದಿಲ್ಲ. ಇನ್ನು ವಿಮೆಯ ಅವಧಿಯೇ ಮುಗಿದಿದ್ದರೆ ಇಡೀ ಪರಿಹಾರ ಮಾಲೀಕನ ತಲೆಯ ಮೇಲೆ. ಅದಕ್ಕೆ ಮನೆ, ಜಮೀನು ಮಾರಬೇಕಾಗಿ ಬರಬಹುದು.

ಕೇಳುವ ಕಡೆಯವರಿಗೂ ಕೆಲವು ವಿಷಯ ತಿಳಿದಿರಬೇಕು. ಪರಿಹಾರದ ಅರ್ಜಿಯನ್ನು ಅಪಘಾತವಾದ ಸ್ಥಳದ ನ್ಯಾಯಮಂಡಳಿಗೇ ಕೊಡಬೇಕೆಂದಿಲ್ಲ. ಚನ್ನರಾಯಪಟ್ಟಣದ ಬಳಿ ಗಾಯಗೊಂಡ ಅರಕಲಗೂಡಿನವರು, ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಗೂ ಅರ್ಜಿ ಹಾಕಬಹುದು. 2019ರ ತಿದ್ದುಪಡಿ ಆರು ತಿಂಗಳ ಗಡುವು ಹೇಳುತ್ತದೆ. ಆದ್ದರಿಂದ ತಡಮಾಡಬಾರದು. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಲು 164ನೇ ಕಲಂ ಅವಕಾಶ ಕೊಡುತ್ತದೆ. ಹೆಚ್ಚಿನ ಪರಿಹಾರಕ್ಕೆ 166ನೇ ಕಲಮಿನಡಿ ನಿರ್ಲಕ್ಷ್ಯವನ್ನು ತೋರಿಸಬೇಕು. ಅಲ್ಲಿ ಗಾಯಗೊಂಡವರದೂ ಪಾಲು ತಪ್ಪಿದ್ದರೆ ಪರಿಹಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎದುರಿನ ಲಾರಿ ತಪ್ಪು ಮಾಡಿದ್ದರೂ, ನಮ್ಮ ಸವೆದ ವೈಪರು ನಮಗೆ ಬರಬೇಕಾದ ಹಣದಲ್ಲಿ ಪಾಲು ಕೇಳಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಇಂಥ ಕಡೆಯೇ ನೆನಪಾಗುವುದು.

ಮಕ್ಕಳ ಕೈಗೆ ಕೀಲಿ ಕೊಡುವ ಮುನ್ನ

190ನೇ ಕಲಮಿನ ‘ಓಡಿಸಲು ಬಿಡುವುದು’ ಎಂಬ ಮಾತು ಪೋಷಕರಿಗೆ ನೇರವಾಗಿ ತಗಲುತ್ತದೆ. ಪರವಾನಗಿ ಇರುವ ಇಪ್ಪತ್ತು ವರ್ಷದ ಮಗ ಅಪ್ಪನ ಕಾರು ತೆಗೆದುಕೊಂಡು ಹೋಗುತ್ತಾನೆ. ವೈಪರು ಕೆಟ್ಟಿದೆ ಎಂದು ಅಪ್ಪನಿಗೆ ಗೊತ್ತು, ಮಗನಿಗೆ ಹೇಳಿಲ್ಲ. ಆಗ ಅಪ್ಪ ಮನೆಯಲ್ಲಿ ಕುಳಿತಿದ್ದರೂ ಹೊಣೆಯಿಂದ ಹೊರಗೆ ಉಳಿಯುವುದಿಲ್ಲ. ಇನ್ನು ಹದಿನೆಂಟು ತುಂಬದ ಮಕ್ಕಳಿಗೆ ಕಾರು ಕೊಡುವ ಮಾತೇ ಬೇಡ. 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ಇಲ್ಲ. ‘ಟ್ಯೂಷನ್ನಿಗೆ ಇಷ್ಟೇ ದೂರ’ ಎನ್ನುವ ತಾಯಂದಿರು ಇದನ್ನು ಎರಡು ಸಲ ಓದಲಿ.

ಸ್ಕೂಟರಿನಲ್ಲಿ ಹೋಗುವ ವಿದ್ಯಾರ್ಥಿಗಳು ‘ನಮಗೆ ವೈಪರೇ ಇಲ್ಲ’ ಎನ್ನಬಹುದು. ನಿಮ್ಮ ವೈಪರು ಹೆಲ್ಮೆಟಿನ ಗಾಜು. ಅದರ ಮೇಲೆ ಗೀರು ಬಿದ್ದಿದ್ದರೆ ರಾತ್ರಿ ಮಳೆಯಲ್ಲಿ ನನ್ನ ಕಾರಿನ ಗಾಜಿಗೆ ಆದದ್ದೇ ಅದಕ್ಕೂ ಆಗುತ್ತದೆ. ಗೀರಿದ ಗಾಜನ್ನು ಬದಲಾಯಿಸಿ, ಇಲ್ಲವೇ ಮಳೆ ನಿಲ್ಲುವವರೆಗೆ ಯಾವುದಾದರೂ ಜಗಲಿ ನೋಡಿ ನಿಂತುಬಿಡಿ. ಮಕ್ಕಳನ್ನು ಶಾಲೆಗೆ ವ್ಯಾನಿನಲ್ಲಿ ಕಳಿಸುವ ಪೋಷಕರು, ತಿಂಗಳ ಹಣ ಕೊಡುವಾಗ ಚಾಲಕನಿಗೆ ‘ಸ್ವಲ್ಪ ವೈಪರು ಹಾಕಿ ತೋರಿಸಪ್ಪ’ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೂ ಚಿಂತೆಯಿಲ್ಲ.

ಒಂದು ಚೊಂಬು ನೀರಿನ ಪರೀಕ್ಷೆ

‘ಸಾಮಾನ್ಯ ಎಚ್ಚರಿಕೆ’ ಎಂದು ಕಾನೂನು ಹೇಳುವುದು ದೊಡ್ಡ ವಿದ್ಯೆಯನ್ನಲ್ಲ. ತಿಂಗಳಿಗೊಮ್ಮೆ ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ವೈಪರು ಹಾಕಿ. ಎರಡು ಸಲ ಆಡುವುದರೊಳಗೆ ಗಾಜು ತಿಳಿಯಾಗಬೇಕು. ಗೆರೆ ಬಿದ್ದರೆ, ಸದ್ದಾದರೆ, ಕಮಾನಿನಂತೆ ಒಂದು ಜಾಗ ಒದ್ದೆಯಾಗಿಯೇ ಉಳಿದರೆ ಕಡ್ಡಿ ಎತ್ತಿ ನೋಡಿ. ಬರೀ ಧೂಳು ಅಂಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ರಬ್ಬರಿನಲ್ಲಿ ಬಿರುಕಿದ್ದರೆ, ಅಂಚು ಹರಿದಿದ್ದರೆ, ಬೆರಳಿಗೆ ಗಡುಸಾಗಿ ಸಿಕ್ಕರೆ ಬದಲಾಯಿಸಿ. ಬದಲಾಯಿಸಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಧೂಳು ತುಂಬಿದ ಒಣ ಗಾಜಿನ ಮೇಲೆ ವೈಪರು ಆಡಿಸಬೇಡಿ. ಗಾಜೂ ಗೀರುತ್ತದೆ, ರಬ್ಬರೂ ಸವೆಯುತ್ತದೆ. ಗಾಜಿಗೆ ನೀರು ಚಿಮ್ಮಿಸುವ ತೊಟ್ಟಿ ತುಂಬಿರಲಿ. ಸಾಧ್ಯವಾದರೆ ನೆರಳಿನಲ್ಲಿ ನಿಲ್ಲಿಸಿ. ದಾರಿಯಲ್ಲಿ ವೈಪರು ಕೈಕೊಟ್ಟರೆ ‘ಇನ್ನು ಐದೇ ಕಿಲೋಮೀಟರ್’ ಎನ್ನದೆ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಅಪಾಯದ ದೀಪ ಹಾಕಿ, ಮಳೆ ಇಳಿಯುವವರೆಗೆ ಕಾಯಿರಿ. ತಡವಾಗಿ ಬಂದ ಮಕ್ಕಳನ್ನು ಮನೆಯವರು ಬೈದಾರು. ಆದರೆ ಬೈಯಲು ಮಕ್ಕಳು ಎದುರಿಗೆ ಇರುತ್ತಾರೆ.

ಮಗಳು ಈಗ ಊರಿಗೆ ಬಂದಾಗಲೆಲ್ಲ ಚೀಲ ಕೆಳಗಿಟ್ಟು ಮೊದಲು ಮಾಡುವ ಕೆಲಸ, ಚೊಂಬಿನಲ್ಲಿ ನೀರು ತಂದು ಕಾರಿನ ಗಾಜಿಗೆ ಸುರಿಯುವುದು. ನಾನು ಒಳಗೆ ಕುಳಿತು ವೈಪರು ಹಾಕಿ ತೋರಿಸಬೇಕು. ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಕಾಫಿ.

ಅಂದಿನ ಆ ಹುಡುಗ ಯಾರ ಮಗನೋ ಗೊತ್ತಿಲ್ಲ. ಮನೆಗೆ ಹೋಗಿ ತಲೆ ಒರೆಸಿಕೊಂಡು, ಊಟ ಮಾಡಿ, ನಾಳಿನ ಪಾಠ ಓದಿ ಮಲಗಿರಬೇಕು. ಅವನ ತಾಯಿಗೆ ಅದು ಎಲ್ಲ ದಿನಗಳಂತೆ ಒಂದು ದಿನ. ಅದು ಹಾಗೆಯೇ ಇರಲಿ.